ಕಾಗದದ ಗೊಮ್ಮಟ: ಕೈಕೆಲಸದ ಒಂದು ಪಾಠ



ಕೈಕೆಲಸವನ್ನು ಪ್ರಾರಂಭಿಸುವುದು ಸುಲಭವು. ಅದನ್ನು ಮುಗಿಸುವುದು ಕಷ್ಟವು. ಯಾವ ಶಾಲೆಯ ಕೈಕೆಲಸದ ಬೀರುವನ್ನು ತೆರೆದು ನೋಡಿದರೂ ಈ ಮಾತಿನ ಸತ್ಯವು ಕಣ್ಣಿಗೆ ಬೀಳುವುದು. ಅರ್ಧ ಹೊಲಿದ ಕಸೂತಿ, ಒಂದೇ ಬದಿಗೆ ಬಣ್ಣ ತುಂಬಿದ ಚಿತ್ರ, ಹಿಡಿಯಿಲ್ಲದ ಬುಟ್ಟಿ, ತಲೆಯಿಲ್ಲದ ಬೊಂಬೆ, ಇವೆಲ್ಲ ಅಲ್ಲಿ ಧೂಳು ಹಿಡಿದು ಕುಳಿತಿರುತ್ತವೆ. ಕಾರಣವೇನೆಂದು ಕೇಳಿದರೆ ಹುಡುಗಿಯರು ಸಾಮಾನ್ಯವಾಗಿ ಎರಡು ಉತ್ತರಗಳನ್ನು ಕೊಡುತ್ತಾರೆ. ಒಂದು, "ವೇಳೆ ಸಾಲಲಿಲ್ಲ." ಇನ್ನೊಂದು, "ಒಳ್ಳೆಯ ಸಾಮಾನು ದೊರೆಯಲಿಲ್ಲ." ಮೊದಲನೆಯ ಉತ್ತರವು ಕೆಲವು ವೇಳೆ ನಿಜವಾಗಿರಬಹುದು. ಎರಡನೆಯದು ನಿಜವಾಗಿರುವುದು ಬಹು ಅಪರೂಪ. ಸಾಮಾನು ಕೀಳಾದುದರಿಂದ ಕೆಟ್ಟ ಕೆಲಸಕ್ಕಿಂತಲೂ ಸಾಮಾನಿನ ಸ್ವಭಾವವನ್ನು ತಿಳಿಯದೆ ಕೆಟ್ಟ ಕೆಲಸವೇ ಲೋಕದಲ್ಲಿ ಹೆಚ್ಚಾಗಿರುತ್ತದೆ.

ಇದನ್ನು ಬರಿಯ ಮಾತಿನಿಂದ ಹೇಳಿದರೆ ಮನಸ್ಸಿಗೆ ಹತ್ತಲಾರದು. ಆದುದರಿಂದ ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಬಾಲಿಕೆಯರು ಶ್ರವಣಬೆಳಗೊಳದ ಗೊಮ್ಮಟಮೂರ್ತಿಯ ಮಾದರಿಯೊಂದನ್ನು ಹಳೆಯ ಕಾಗದದಿಂದ ಮಾಡಿ ಮುಗಿಸಿದ ವಿಧಾನವನ್ನು ಇಲ್ಲಿ ಕ್ರಮವಾಗಿ ವಿವರಿಸುವೆನು. ಅವರಿಗೆ ಬಂದ ತೊಡಕುಗಳೂ ಅವುಗಳಿಗೆ ದೊರೆತ ಪರಿಹಾರಗಳೂ ನಿಮ್ಮ ಮುಂದಿನ ಕೆಲಸಗಳಿಗೆ ಉಪಯುಕ್ತವಾಗುವುವೆಂದು ನಂಬಿದ್ದೇನೆ.

ಕೆಲಸದ ಕಟ್ಟಳೆ

ಹಾಸನದ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಶ್ರವಣಬೆಳಗೊಳವನ್ನು ವರ್ಣಿಸಬೇಕಾಗಿಲ್ಲ. ಎರಡು ಬೆಟ್ಟಗಳು, ನಡುವೆ ಬಿಳಿಯ ಕೊಳ, ಅದರ ಸುತ್ತ ಊರು. ದೊಡ್ಡಬೆಟ್ಟಕ್ಕೆ ವಿಂಧ್ಯಗಿರಿಯೆಂದೂ ಚಿಕ್ಕಬೆಟ್ಟಕ್ಕೆ ಚಂದ್ರಗಿರಿಯೆಂದೂ ಹೆಸರು. ಗಂಗರಾಜನಾದ ರಾಚಮಲ್ಲನ ಮಂತ್ರಿಯಾಗಿದ್ದ ಚಾವುಂಡರಾಯನು ಕ್ರಿಸ್ತಶಕ 981ರ ಸುಮಾರಿನಲ್ಲಿ ದೊಡ್ಡಬೆಟ್ಟದ ನೆತ್ತಿಯಲ್ಲಿ ಬಾಹುಬಲಿಯ ಮೂರ್ತಿಯನ್ನು ಮಾಡಿಸಿದನು. ಹಾಗೆ ಮಾಡಿಸಿದವನು ತಾನೆಂಬುದನ್ನು ತಿಳಿಸುವ ಚಿಕ್ಕ ಶಾಸನಗಳು ಮೂರ್ತಿಯ ಪಾದದ ಬಳಿಯಲ್ಲಿಯೇ ಇರುತ್ತವೆ. 1981ರಲ್ಲಿ ಮೂರ್ತಿಗೆ ಸಾವಿರ ವರ್ಷ ತುಂಬಿದ ಮಹೋತ್ಸವವು ನಡೆಯಿತು. 2018ರಲ್ಲಿಯೂ ಮಹಾಮಸ್ತಕಾಭಿಷೇಕವು ಜರುಗಿತು.

ಈ ಸ್ಥಳವನ್ನು ಸಂದರ್ಶಿಸಿ ಬಂದ ಹುಡುಗಿಯರು ತಾವು ಕಂಡುದನ್ನು ಮಾದರಿಯಾಗಿ ಮಾಡಿ ಶಾಲೆಯ ವಾರ್ಷಿಕೋತ್ಸವದಲ್ಲಿ ಇಡಬೇಕೆಂದು ಇಚ್ಛಿಸಿದರು. ಅದಕ್ಕೆ ಒಂದೇ ಕಟ್ಟಳೆಯನ್ನು ವಿಧಿಸಲಾಯಿತು. ಯಾವ ಸಾಮಾನನ್ನೂ ಹಣ ಕೊಟ್ಟು ತರಬಾರದು. ಮನೆಯಲ್ಲಿಯೋ ಬಯಲಿನಲ್ಲಿಯೋ ಅಡಿಗೆಮನೆಯಲ್ಲಿಯೋ ದೊರೆಯುವ ವಸ್ತುಗಳಿಂದಲೇ ಕೆಲಸವಾಗಬೇಕು. ಈ ಕಟ್ಟಳೆಗೆ ಕಾರಣವು ಜಿಪುಣತನವಲ್ಲ. ಒಂದು ತರಗತಿಯಲ್ಲಿ ಎಲ್ಲರೂ ಒಂದೇ ಪ್ರಮಾಣದಲ್ಲಿ ಹಣ ಕೊಡಲಾರರು. ಹಣ ಕೊಟ್ಟವಳು ಕೆಲಸದ ಯಜಮಾನಿಯಾಗುವಳು, ಕೊಡಲಾರದವಳು ಬಾಗಿಲ ಬಳಿ ನಿಂತು ನೋಡುವಳು. ಇದು ನಾವು ಹಿಂದೆ ಕಂಡು ವ್ಯಸನಪಟ್ಟ ಸಂಗತಿಯಾಗಿತ್ತು.

ಅಳತೆ

ಮಾದರಿಯ ಮೊದಲನೆಯ ಪಾಠವು ಅಳತೆಯು. ಕಣ್ಣಳತೆಯನ್ನು ನಂಬುವವರಿಗೆ ಗೊಮ್ಮಟನ ಎತ್ತರದ ಇತಿಹಾಸವೇ ಒಂದು ಎಚ್ಚರಿಕೆ. 19ನೆಯ ಶತಮಾನದ ಆದಿಭಾಗದಲ್ಲಿ ಬುಕನನ್ ಎಂಬ ಪ್ರವಾಸಿಯು ಈ ಎತ್ತರವನ್ನು 70 ಅಡಿ 3 ಅಂಗುಲವೆಂದು ಬರೆದನು. 1865ರಲ್ಲಿ ಮೈಸೂರಿನ ಕಮಿಷನರನಾಗಿದ್ದ ಬೌರಿಂಗನು ಸರಿಯಾಗಿ ಅಳತೆ ಮಾಡಿಸಲು ಅದು 57 ಅಡಿಯೆಂದು ಗೊತ್ತಾಯಿತು. ಈಗ ಸುಮಾರು 58 ಅಡಿಯೆಂದು ಸಾಮಾನ್ಯವಾಗಿ ಹೇಳುವರು. 1871ರ ಮಸ್ತಕಾಭಿಷೇಕದ ಸಮಯದಲ್ಲಿ ಮೈಸೂರು ಸರ್ಕಾರದ ಮರಾಮತ್ತು ಇಲಾಖೆಯವರು ಅಂಗಾಂಗಗಳನ್ನು ಅಳೆದು ಬರೆದಿಟ್ಟರು. ಭುಜದಿಂದ ಭುಜಕ್ಕೆ 26 ಅಡಿ, ನಡುವಿನ ಅಗಲ 10 ಅಡಿ, ಪಾದದ ಉದ್ದ 9 ಅಡಿ, ಕಾಲಿನ ಹೆಬ್ಬೆರಳು 2 ಅಡಿ 9 ಅಂಗುಲ, ಕೈಯ ನಡುಬೆರಳು 5 ಅಡಿ 3 ಅಂಗುಲ. ನಮ್ಮ ತರಗತಿಯ ಹುಡುಗಿಯರಲ್ಲಿ ಆ ನಡುಬೆರಳಿಗಿಂತ ಎತ್ತರವಾದವರು ಇಬ್ಬರು ಮಾತ್ರ ಇದ್ದರೆಂಬುದು ಅಂದು ಎಲ್ಲರಿಗೂ ನಗೆಯನ್ನುಂಟುಮಾಡಿತು.

ಅಡಿಗೆ ಅರ್ಧ ಅಂಗುಲದಂತೆ ಪ್ರಮಾಣವನ್ನಿಟ್ಟುಕೊಂಡರೆ 57 ಅಡಿಯ ಮೂರ್ತಿಯು 28½ ಅಂಗುಲವಾಗುವುದು. ಭುಜಗಳು 13 ಅಂಗುಲ, ನಡುವು 5 ಅಂಗುಲ, ಪಾದವು 4½ ಅಂಗುಲ. ಇದು ಕೈಗೆ ಒಗ್ಗುವ ಅಳತೆಯು. ಆದರೆ ಬೆಟ್ಟದ ಗತಿಯೇನು? ದೊಡ್ಡಬೆಟ್ಟವು ಬಯಲಿನಿಂದ ಸುಮಾರು 470 ಅಡಿ ಎತ್ತರವಾಗಿದೆ. ಅದೇ ಪ್ರಮಾಣದಲ್ಲಿ ಮಾಡಿದರೆ ನಮ್ಮ ಬೆಟ್ಟವು 235 ಅಂಗುಲ, ಎಂದರೆ 19 ಅಡಿ 7 ಅಂಗುಲವಾಗಿ, ಕೊಠಡಿಯ ಮಾಡನ್ನು ತೂರಿಕೊಂಡು ಹೋಗಬೇಕಾಗುವುದು. ಬೆಟ್ಟವನ್ನು ಚಿಕ್ಕದು ಮಾಡಿ, 20 ಅಡಿಗೆ ಒಂದು ಅಂಗುಲವೆಂದಿಟ್ಟರೆ ಬೆಟ್ಟವು 23½ ಅಂಗುಲವಾಗುವುದು. ಆದರೆ ಮೂರ್ತಿಯು ಮೂರು ಅಂಗುಲಕ್ಕೂ ಕಡಮೆಯಾಗಿ ಅದರ ಮುಖವು ಕಡಲೆಕಾಳಿನಷ್ಟಾಗುವುದು. ಬೆಟ್ಟವನ್ನು ಒಂದು ಪ್ರಮಾಣದಲ್ಲಿಯೂ ಮೂರ್ತಿಯನ್ನು ಇನ್ನೊಂದರಲ್ಲಿಯೂ ಮಾಡಿದರೆ ಅದು ಸುಳ್ಳು ಮಾದರಿಯು.

ಹುಡುಗಿಯರು ಎರಡು ದಿನ ಇದನ್ನು ಚರ್ಚಿಸಿ ಬೆಟ್ಟವನ್ನೇ ಬಿಟ್ಟುಬಿಟ್ಟರು. ಮೂರ್ತಿಯನ್ನೂ ಅದು ನಿಂತಿರುವ ನೆತ್ತಿಯ ಬಂಡೆಯನ್ನೂ ಮಾತ್ರ ಮಾಡುವುದೆಂದು ಗೊತ್ತಾಯಿತು. ಸುತ್ತಲಿನ ಪ್ರಾಕಾರದ ಕಟ್ಟಡವನ್ನು ಕೂಡ ಬಿಟ್ಟರು. ಏತಕ್ಕೆಂದರೆ ಅದನ್ನು ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಗಂಗರಾಜನು 1117ರ ಸುಮಾರಿನಲ್ಲಿ ಕಟ್ಟಿಸಿದನು. ಅದಕ್ಕೆ ಮೊದಲು ನೂರು ವರ್ಷಗಳಿಗೂ ಮೇಲ್ಪಟ್ಟು ಮೂರ್ತಿಯು ಬಟ್ಟಬಯಲಿನಲ್ಲಿ ನಿಂತಿದ್ದಿತು. ಆ ಕಾಲದ ಗೊಮ್ಮಟನೇ ನಮ್ಮ ಮಾದರಿಯಾದನು. ಕೆಲಸವನ್ನು ಮುಗಿಸಬೇಕೆನ್ನುವವಳು ಏನನ್ನು ಮಾಡಬೇಕೆಂಬುದಕ್ಕೆ ಮೊದಲು ಏನನ್ನು ಬಿಡಬೇಕೆಂಬುದನ್ನು ನಿರ್ಧರಿಸಬೇಕು.

ವಸ್ತುವಿನ ಸ್ವಭಾವ

ಇನ್ನು ಮೂರ್ತಿಯನ್ನು ಯಾವುದರಿಂದ ಮಾಡಬೇಕು? ಬಾಲಿಕೆಯರು ತಂದು ಸುರಿದ ವಸ್ತುಗಳು ಇವು: ಹಳೆಯ ವೃತ್ತಪತ್ರಿಕೆಗಳು, ಬಿದಿರಿನ ಸೀಳುಗಳು, ತೆಂಗಿನ ನಾರು, ಅಡಿಕೆಯ ಹಾಳೆ, ಹುಣಿಸೆಯ ಬೀಜ, ಹುತ್ತದ ಮಣ್ಣು, ಬೂದಿ, ಇದ್ದಲು. ಇವುಗಳಲ್ಲಿ ಕಾಗದವನ್ನು ಮುದ್ದೆ ಮಾಡಿ ಮೂರ್ತಿಗೆ ಉಪಯೋಗಿಸುವುದೆಂದು ಒಪ್ಪಿತವಾಯಿತು. ಕೆಲವರಿಗೆ ಇದರಿಂದ ಅಸಮಾಧಾನವಾಯಿತು. ಕಲ್ಲಿನ ದೇವರನ್ನು ರದ್ದಿ ಕಾಗದದಿಂದ ಮಾಡುವುದೇ ಎಂದು ಒಬ್ಬಳು ಕೇಳಿದಳು.

ಈ ಪ್ರಶ್ನೆಗೆ ಉತ್ತರವು ನಮ್ಮ ಜಿಲ್ಲೆಯ ಕಲ್ಲುಗಳಲ್ಲಿಯೇ ಇದೆ. ಬೇಲೂರು ಹಳೇಬೀಡುಗಳ ಗುಡಿಗಳನ್ನು ಬಳಪದ ಕಲ್ಲಿನಿಂದ ಕಟ್ಟಿದ್ದಾರೆ. ಆ ಕಲ್ಲು ಗಣಿಯಿಂದ ತೆಗೆದಾಗ ಮೃದುವಾಗಿದ್ದು ಗಾಳಿಬೆಳಕಿಗೆ ಬಿದ್ದ ಮೇಲೆ ಗಟ್ಟಿಯಾಗುವುದು. ಆದುದರಿಂದಲೇ ಅಲ್ಲಿಯ ಶಿಲ್ಪಿಯು ಕೊರಳಿನ ಸರದ ಮಣಿಮಣಿಯನ್ನೂ ಬಿಡಿಸಿ ಕೆತ್ತಲು ಸಾಧ್ಯವಾಯಿತು. ಬೆಳಗೊಳದ ಬಂಡೆಯಾದರೋ ಕಣಶಿಲೆಯು, ಅತಿ ಕಠಿಣವಾದುದು. ಅದರಲ್ಲಿ ಅಂಥ ಕುಸುರಿಯನ್ನು ಬಯಸಿದವನು ಉಳಿಯನ್ನು ಮುರಿದುಕೊಳ್ಳುವನು. ಗೊಮ್ಮಟನನ್ನು ಕೆತ್ತಿದ ಶಿಲ್ಪಿಯು ಇದನ್ನು ಬಲ್ಲವನಾಗಿದ್ದನು. ಆತನು ಆಭರಣಗಳಿಲ್ಲದ, ವಸ್ತ್ರಗಳಿಲ್ಲದ, ವಿಶಾಲವಾದ ನುಣುಪಾದ ಅಂಗಗಳನ್ನು ಕಡೆದು ಮೆರುಗು ಕೊಟ್ಟನು. ಸೂಕ್ಷ್ಮವಾದ ಕೆಲಸವನ್ನು ಮುಖಕ್ಕೂ ಗುಂಗುರುಗೂದಲಿಗೂ ಮೈಗೆ ಹಬ್ಬಿದ ಮಾಧವೀಬಳ್ಳಿಗೂ ಮೀಸಲಾಗಿಟ್ಟನು. ಬಾಹುಬಲಿಯ ವೈರಾಗ್ಯದ ಕಥೆಯೂ ಕಣಶಿಲೆಯ ಕಾಠಿಣ್ಯವೂ ಒಂದನ್ನೊಂದು ಒಪ್ಪಿಕೊಂಡವು. ಬೆಳಗೊಳದ ಶಿಲ್ಪಿಯು ಬೇಲೂರಿನ ಸೊಬಗನ್ನು ಕಣಶಿಲೆಯಲ್ಲಿ ತರಲು ಹೋಗಿದ್ದರೆ ಎರಡೂ ಕೆಡುತ್ತಿದ್ದುವು.

ಕಾಗದದ ಮುದ್ದೆಯೂ ಈ ವಿಷಯದಲ್ಲಿ ಕಣಶಿಲೆಯ ಬಳಗಕ್ಕೆ ಸೇರಿದುದು. ಅದರಿಂದ ಕುಸುರಿ ಕೆಲಸವಾಗದು. ದೊಡ್ಡ ನುಣುಪಾದ ಉಬ್ಬುಗಳು ಚೆನ್ನಾಗಿ ಆಗುವುವು. ಆದುದರಿಂದ ಕಾಗದದಲ್ಲಿ ಬೇಲೂರಿನ ಶಿಲಾಬಾಲಿಕೆಯನ್ನು ಮಾಡಲು ಹೊರಟರೆ ತಪ್ಪಾಗುತ್ತಿತ್ತು. ಗೊಮ್ಮಟನನ್ನು ಮಾಡಹೊರಟದ್ದು ತಪ್ಪಲ್ಲ. ನಮ್ಮ ನಾಡಿನ ಕುಶಲಕರ್ಮಿಗಳು ಇಂಥ ವಸ್ತುಗಳನ್ನು ಎಂದೂ ಹಗುರವಾಗಿ ಎಣಿಸಿದವರಲ್ಲ. ಕೊಪ್ಪಳದ ಬಳಿಯ ಕಿನ್ನಾಳದ ಚಿತ್ರಗಾರರು ಗೋಣಿಯ ನಾರನ್ನು ಪುಡಿ ಮಾಡಿ ಹುಣಿಸೆಬೀಜದ ಅಂಟಿನೊಡನೆ ಕಲಸಿ 'ಕಿಟ್ಟ'ವೆಂಬ ಮುದ್ದೆಯನ್ನು ಮಾಡುತ್ತಾರೆ. ಮರದ ಬೊಂಬೆಯ ತುಂಡುಗಳನ್ನು ಅದರಿಂದಲೇ ಬೆಸೆದು ನುಣುಪು ಮಾಡುತ್ತಾರೆ.

ಕುಸಿದ ಕಾಲುಗಳು

ಮೊದಲನೆಯ ವಾರದಲ್ಲಿ ಬಿದಿರಿನ ಸೀಳುಗಳಿಂದ ಅಸ್ಥಿಪಂಜರವನ್ನು ಕಟ್ಟಿ, ಅದಕ್ಕೆ ನಾರನ್ನು ಸುತ್ತಿ, ಮೇಲೆ ಕಾಗದದ ಮುದ್ದೆಯನ್ನು ಮೆತ್ತಿದರು. ಎರಡನೆಯ ದಿನವೇ ಮೂರ್ತಿಯು ಮುಂದಕ್ಕೆ ಬಾಗಿತು. ಮೂರನೆಯ ದಿನ ಕಾಲಿನ ಗಿಣ್ಣಿನ ಬಳಿ ಮಡಿಸಿಕೊಂಡು ನೆಲಕ್ಕೆ ಮುಖವಿಟ್ಟಿತು. ಒದ್ದೆಯಾದ ಮುದ್ದೆಯು ಬಹು ಭಾರವಾಗಿರುತ್ತದೆ. 13 ಅಂಗುಲದ ಭುಜಗಳ ಭಾರವೆಲ್ಲವೂ ಎರಡು ಸಣ್ಣ ಗಿಣ್ಣುಗಳ ಮೇಲೆ ಬಿದ್ದರೆ ಬಿದಿರಾದರೂ ಏನು ಮಾಡೀತು? ಹುಡುಗಿಯರು ಬಿದಿರನ್ನು ದಪ್ಪಗೊಳಿಸಿದರು. ಮೂರ್ತಿಯು ಎರಡು ದಿನ ತಡವಾಗಿ ಬಿದ್ದಿತು.

ಆಗ ಅವರಿಗೆ ಮೂರ್ತಿಯ ಪಾರ್ಶ್ವದಿಂದಲೂ ಹಿಂದಿನಿಂದಲೂ ತೆಗೆದ ಛಾಯಾಚಿತ್ರಗಳನ್ನು ಕೊಟ್ಟು, ಗೊಮ್ಮಟನು ಸಾವಿರ ವರ್ಷಗಳಿಂದ ಏಕೆ ಬಿದ್ದಿಲ್ಲವೆಂದು ಕೇಳಲಾಯಿತು. ಎದುರಿನಿಂದ ಮಾತ್ರ ನೋಡಿ ಬಂದವರಿಗೆ ಉತ್ತರವು ಹೊಳೆಯದು. ಹಿಂದಿನಿಂದ ನೋಡಿದರೆ ತೊಡೆಯವರೆಗೆ ಬಂಡೆಯು ಕಾಲುಗಳಿಗೆ ಆಸರೆಯಾಗಿ ನಿಂತಿರುವುದು ಕಾಣುತ್ತದೆ. ಅದರ ಮೇಲಿನ ಭಾಗಕ್ಕೆ ಯಾವ ಆಧಾರವೂ ಇಲ್ಲ. ಕಾಲುಗಳ ಎರಡು ಪಕ್ಕಗಳಲ್ಲಿ ಹುತ್ತಗಳನ್ನು ಕೆತ್ತಿದ್ದಾರೆ; ಅವುಗಳಿಂದ ಹಾವುಗಳು ಹೊರಕ್ಕೆ ತಲೆಹಾಕುತ್ತವೆ. ಬಾಹುಬಲಿಯು ಕದಲದೆ ತಪಸ್ಸಿಗೆ ನಿಂತುದರಿಂದ ಸುತ್ತ ಹುತ್ತ ಬೆಳೆಯಿತು, ಬಳ್ಳಿ ಹಬ್ಬಿತು ಎಂಬುದು ಕಥೆಯು. ಕಥೆಗೆ ಬೇಕಾದ ಹುತ್ತವೇ ಕಲ್ಲಿಗೆ ಬೇಕಾದ ಆಸರೆಯೂ ಆಯಿತು. ಬಾಲಿಕೆಯರು ಅಲಂಕಾರವೆಂದೆಣಿಸಿ ಕೊನೆಗೆ ಮಾಡೋಣವೆಂದು ಬಿಟ್ಟಿದ್ದ ಹುತ್ತವನ್ನೇ ಈಗ ಮೊದಲು ಮಾಡಿದರು. ಹಿಂದೆ ತೊಡೆಯವರೆಗೆ ಒಂದು ಬಂಡೆ, ಪಕ್ಕದಲ್ಲಿ ಹುತ್ತಗಳು. ಇವು ಒಣಗಿ ಗಟ್ಟಿಯಾದ ಮೇಲೆಯೇ ಎದೆಯನ್ನೂ ಭುಜಗಳನ್ನೂ ಕಟ್ಟಿದರು. ಮೂರ್ತಿಯು ನಿಂತಿತು.

ಬೂಷ್ಟು ಮತ್ತು ಮೆಂತ್ಯ

ಇಷ್ಟರಲ್ಲಿ ಆಷಾಢದ ಜಡಿಮಳೆಯು ಹಿಡಿದುಕೊಂಡಿತು. ಹುಡುಗಿಯರು ಮುದ್ದೆಗೆ ಅಂಟಾಗಿ ವಿದ್ಯಾರ್ಥಿನಿಲಯದ ಅಡಿಗೆಮನೆಯ ಗಂಜಿಯನ್ನು ಸೇರಿಸಿದ್ದರು. ಬೇಗ ಮುಗಿಯಲೆಂದು ಎದೆಯ ಮೇಲೆ ಎರಡು ಅಂಗುಲ ದಪ್ಪಕ್ಕೆ ಒಮ್ಮೆಗೇ ಮೆತ್ತಿಯೂ ಇದ್ದರು. ಹೊರಗಿನ ಪದರವು ಒಣಗಿ ಬಿಗಿಯಿತು; ಒಳಗಿನದು ಒದ್ದೆಯಾಗಿಯೇ ಉಳಿಯಿತು. ಗಂಜಿಯು ಹುಳಿಯಿತು. ಒಂದು ಬೆಳಿಗ್ಗೆ ಬಾಗಿಲನ್ನು ತೆರೆದಾಗ ಕೊಠಡಿಯೆಲ್ಲ ನಾರುತ್ತಿದ್ದಿತು. ಮೂರ್ತಿಯ ಎದೆಯ ಮೇಲೆ ಹಸುರುಬಣ್ಣದ ಬೂಷ್ಟು ಹರಡಿದ್ದಿತು. ವಾರ್ಷಿಕೋತ್ಸವಕ್ಕೆ ಇನ್ನು ಇಪ್ಪತ್ತು ದಿನಗಳು ಮಾತ್ರ ಉಳಿದಿದ್ದುವು.

ಅನುಕೂಲಸ್ಥರ ಮನೆಯ ಬಾಲಿಕೆಯೊಬ್ಬಳು ಪೇಟೆಯಿಂದ ಎರಡು ಚೀಲ ಪ್ಲಾಸ್ಟರನ್ನು ತರಿಸಿಕೊಡಲು ತನ್ನ ತಂದೆಯವರು ಸಿದ್ಧರಿದ್ದಾರೆಂದು ಹೇಳಿದಳು. ಅವಳ ಮನಸ್ಸು ಒಳ್ಳೆಯದೇ. ಅರ್ಧ ತರಗತಿಯು ಕೂಡಲೆ ಒಪ್ಪಿತು. ಉಳಿದವರು ತಲೆ ತಗ್ಗಿಸಿ ಕುಳಿತರು. ಅವರು ಮಾತನಾಡದಿದ್ದರೂ ಅವರ ಮನಸ್ಸಿನಲ್ಲಿದ್ದುದು ಸ್ಪಷ್ಟವಾಗಿತ್ತು: ಮೂರು ವಾರಗಳಿಂದ ಎಲ್ಲರದಾಗಿದ್ದ ಕೆಲಸವು ಇನ್ನು ಮೇಲೆ ಒಂದು ಮನೆಯದಾಗುವುದು. ಇದನ್ನು ಅವರೇ ತೀರ್ಮಾನಿಸಲೆಂದು ಸೋಮವಾರದವರೆಗೆ ಅವಕಾಶ ಕೊಡಲಾಯಿತು.

ಆ ದಿನ ಸಾಯಂಕಾಲ ಕೊಠಡಿಯನ್ನು ಗುಡಿಸುವ ಸರದಿಯಲ್ಲಿದ್ದ ಬಾಲಿಕೆಯೊಬ್ಬಳು ಚನ್ನರಾಯಪಟ್ಟಣದ ತಾಲ್ಲೂಕಿನ ಒಂದು ಹಳ್ಳಿಯಿಂದ ಬಂದವಳು. ತರಗತಿಯಲ್ಲಿ ಕೇಳಿದ ಪ್ರಶ್ನೆಗೆ ಹೊರತಾಗಿ ಮಾತನಾಡಿದವಳಲ್ಲ. ಅವಳು ಪೊರಕೆಯನ್ನು ಕೈಯಲ್ಲಿ ಹಿಡಿದುಕೊಂಡೇ, "ಅಮ್ಮಾ, ನಮ್ಮಜ್ಜಿ ಮೊರಕ್ಕೆ ಬಳಿಯುವ ಮುದ್ದೆ ಹೀಗೆ ನಾರುವುದಿಲ್ಲ" ಎಂದಳು. ಪಕ್ಕದಲ್ಲಿದ್ದವರು ನಕ್ಕರು. ಅವಳು ಮತ್ತೆ ಗುಡಿಸಲಾರಂಭಿಸಿದಳು. ಆದರೆ ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದು ಅವಳ ಅಭ್ಯಾಸವಾದುದರಿಂದ, ಅದು ಹೇಗೆಂದು ಕೇಳಿದಾಗ ಎಲ್ಲವನ್ನೂ ಹೇಳಿದಳು. ಶನಿವಾರ ಊರಿಗೆ ಹೋಗಿ ಸೋಮವಾರ ಬರುವಾಗ ಒಂದು ಹಳೆಯ ಮೊರವನ್ನು ತಂದಳು. ಅದು ಅವಳ ತಾಯಿಯ ಮದುವೆಯ ಕಾಲದ್ದು. ಬಿದಿರಿನ ಕಂಡಿಗಳೆಲ್ಲ ಕಾಗದದ ಮುದ್ದೆಯಿಂದ ಮುಚ್ಚಿ, ಮೇಲ್ಮೈಯು ನುಣುಪಾಗಿದ್ದಿತು. ಬೆರಳಿನಿಂದ ತಟ್ಟಿದರೆ ಮರದ ಹಲಗೆಯಂತೆ ಶಬ್ದ ಮಾಡಿತು. ಹುಳ ಹಿಡಿದಿರಲಿಲ್ಲ. ಆ ಮೊರವು ಕೈಯಿಂದ ಕೈಗೆ ತರಗತಿಯನ್ನೆಲ್ಲ ಸುತ್ತಿ ಬಂದ ಮೇಲೆ ಪ್ಲಾಸ್ಟರಿನ ಮಾತನ್ನು ಯಾರೂ ಎತ್ತಲಿಲ್ಲ. ಪ್ಲಾಸ್ಟರನ್ನು ತರಿಸುವೆನೆಂದ ಬಾಲಿಕೆಯೇ ಮುದ್ದೆಯನ್ನು ಕುಟ್ಟಲು ಮೊದಲು ಎದ್ದಳು.

ಆ ಅಜ್ಜಿಯ ವಿಧಾನವನ್ನು ನೀವೂ ಬರೆದಿಟ್ಟುಕೊಳ್ಳಿರಿ. ಕಾಗದವನ್ನು ಸಣ್ಣ ಚೂರುಗಳಾಗಿ ಹರಿದು ಮೂರು ನಾಲ್ಕು ದಿನ ನೀರಿನಲ್ಲಿ ನೆನೆಸಬೇಕು. ನೀರನ್ನು ದಿನವೂ ಬದಲಿಸಬೇಕು. ಬಳಿಕ ಚೆನ್ನಾಗಿ ಹಿಂಡಿ ಒರಳಿನಲ್ಲಿ ಕುಟ್ಟಿ ನಾರು ನಾರಾಗುವಂತೆ ಮಾಡಬೇಕು. ಮೆಂತ್ಯವನ್ನು ರಾತ್ರಿಯೆಲ್ಲ ನೆನೆಹಾಕಿ ಬೆಳಿಗ್ಗೆ ನುಣ್ಣಗೆ ರುಬ್ಬಿ ಕಾಗದದೊಡನೆ ಸೇರಿಸಿ, ಮುದ್ದೆಯು ಕೈಗೆ ಅಂಟದಂತಾಗುವವರೆಗೆ ನಾದಬೇಕು. ನೆನೆದ ಮೆಂತ್ಯವು ಲೋಳೆಯನ್ನು ಬಿಡುತ್ತದೆ. ಆ ಲೋಳೆಯು ಕಾಗದದ ನಾರುಗಳನ್ನು ಒಂದಕ್ಕೊಂದು ಹಿಡಿಸುವುದು. ಅದರ ಕಹಿಯು ಹುಳಗಳನ್ನು ದೂರವಿಡುವುದು. ಹುಳ ಬಾರದಂತೆ ಕೆಲವರು ಮೈಲುತುತ್ತವನ್ನು ಬೆರೆಸುವುದುಂಟು. ಅದು ವಿಷವಾದುದರಿಂದ ಶಾಲೆಯ ಕೆಲಸದಲ್ಲಿ ಅದನ್ನು ಮುಟ್ಟಲೇಕೂಡದು.

ಮುದ್ದೆಯನ್ನು ಹಚ್ಚುವಾಗ ರಾಗಿರೊಟ್ಟಿಯ ದಪ್ಪಕ್ಕಿಂತ ಮೀರಬಾರದು. ಒಂದು ಪದರವು ಪೂರ್ತಿಯಾಗಿ ಒಣಗಿದ ಮೇಲೆಯೇ ಇನ್ನೊಂದನ್ನು ಹಚ್ಚಬೇಕು. "ಅವಸರವಿದ್ದರೆ ತೆಳ್ಳಗೆ ಬಳಿ" ಎಂಬುದು ಆ ಅಜ್ಜಿಯ ಮಾತಂತೆ. ಇದು ವಿಚಿತ್ರವಾಗಿ ಕೇಳಿಸಿದರೂ ಸತ್ಯವು. ಎರಡು ಅಂಗುಲದ ಮುದ್ದೆಯು ಮಳೆಗಾಲದಲ್ಲಿ ತಿಂಗಳಾದರೂ ಒಣಗದು. ರೊಟ್ಟಿಯಂಥ ಪದರವು ಒಲೆಯ ಮೇಲಣ ಅಟ್ಟದಲ್ಲಿ ಒಂದೆರಡು ದಿನಗಳಲ್ಲಿ ಒಣಗುವುದು. ಬೂಷ್ಟು ಹಿಡಿದ ಎದೆಯನ್ನು ಹುಡುಗಿಯರು ಬಿದಿರಿನವರೆಗೂ ಕೆರೆದು ತೆಗೆದರು. ಕೆಲಸವು ಹಿಂದಕ್ಕೆ ಹೋದುದನ್ನು ಕಂಡು ಕೆಲವರು ಅತ್ತರು. ಆದರೆ ಕೊಳೆತುದರ ಮೇಲೆ ಬಳಿದರೆ ಒಳಗಿನಿಂದ ಅದು ಎಂದಾದರೂ ಹೊರಕ್ಕೆ ಬಂದೇ ಬರುವುದು.

ಅಷ್ಟು ಮೆಂತ್ಯವನ್ನು ಎಲ್ಲಿಂದ ತರುವುದು? ಪ್ರತಿಯೊಬ್ಬಳೂ ಮನೆಯಿಂದ ಅರ್ಧ ಹಿಡಿಯನ್ನು ತಂದಳು. ಅರ್ಧ ಹಿಡಿ ಮೆಂತ್ಯವನ್ನು ಕೊಡಲಾರದ ಮನೆಯು ಒಂದೂ ಇರಲಿಲ್ಲ.

ಕೂದಲು, ಬಳ್ಳಿ, ಬಣ್ಣ

ಮೈಕಟ್ಟು ಸಿದ್ಧವಾದ ಮೇಲೆ ಸೂಕ್ಷ್ಮವಾದ ಅಂಗಗಳು ಉಳಿದುವು. ಮುದ್ದೆಯಿಂದ ಗುಂಗುರುಗೂದಲನ್ನು ಮಾಡಲಾಗದೆಂದು ಮೊದಲೇ ತಿಳಿದಿತ್ತು. ಆದುದರಿಂದ ಒದ್ದೆಯಾದ ತಲೆಯ ಮೇಲೆ ಕೊತ್ತಂಬರಿಯ ಕಾಳುಗಳನ್ನು ಸಾಲುಸಾಲಾಗಿ ಒತ್ತಿದರು. ಗೆರೆಗಳುಳ್ಳ ಆ ಸಣ್ಣ ಉಂಡೆಗಳು ದೂರದಿಂದ ಸುರುಳಿಗಳಂತೆಯೇ ತೋರಿದುವು. ತೆಂಗಿನ ನಾರನ್ನು ಹೊಸೆದು ಮಾಧವೀಬಳ್ಳಿಯನ್ನೂ, ಅಡಿಕೆಯ ಹಾಳೆಯನ್ನು ಕತ್ತರಿಸಿ ಎಲೆಗಳನ್ನೂ ಮಾಡಿ ಹುಣಿಸೆಬೀಜದ ಅಂಟಿನಿಂದ ಕಾಲುಗಳಿಗೂ ತೋಳುಗಳಿಗೂ ಹಬ್ಬಿಸಿದರು. ಹುಣಿಸೆಬೀಜವನ್ನು ಹುರಿದು ಸಿಪ್ಪೆ ತೆಗೆದು ಬೀಸಿ, ಹಿಟ್ಟನ್ನು ನೀರಿನಲ್ಲಿ ಕುದಿಸಿದರೆ ಬಲವಾದ ಅಂಟು ಬರುವುದು. ಹುತ್ತದ ಮೇಲ್ಮೈಗೆ ಹುತ್ತದ ಮಣ್ಣನ್ನೇ ಬಳಿದರು. ಒಂದು ವಸ್ತುವು ತನ್ನ ರೂಪವನ್ನು ತಾನೇ ಧರಿಸಿದ್ದು ಅದೊಂದೇ.

ಬಣ್ಣದಲ್ಲಿಯೂ ತೊಡಕು ಬಂದಿತು. ಕಲ್ಲಿನ ಬೂದುಬಣ್ಣಕ್ಕಾಗಿ ಒಲೆಯ ಬೂದಿಯನ್ನೂ ಅರೆದ ಇದ್ದಲನ್ನೂ ನೀರಿನಲ್ಲಿ ಕಲಸಿ ಹಚ್ಚಿದರು. ಒಣಗಿದ ಕೂಡಲೆ ಅದು ಪುಡಿಪುಡಿಯಾಗಿ ಉದುರಿ ಮುಟ್ಟಿದವರ ಕೈಗೆಲ್ಲ ಹತ್ತಿತು. ನೀರು ಬಣ್ಣವನ್ನು ಹರಡುವುದೇ ಹೊರತು ಹಿಡಿದಿಡಲಾರದು. ಹಿಡಿದಿಡಲು ಅಂಟು ಬೇಕು. ಮೈಸೂರಿನ ಸಂಪ್ರದಾಯದ ಚಿತ್ರಗಾರರು ಹುಣಿಸೆಯ ಕಡ್ಡಿಗಳನ್ನು ಸುಟ್ಟ ಇದ್ದಲಿನಿಂದ ಮೊದಲು ರೇಖೆಗಳನ್ನು ಬರೆದುಕೊಂಡು, ಬಳಿಕ ಖನಿಜಗಳಿಂದಲೂ ಸಸ್ಯಗಳಿಂದಲೂ ಮಾಡಿದ ಬಣ್ಣಗಳನ್ನು ಅಂಟಿನಲ್ಲಿ ಅರೆದು ತುಂಬುತ್ತಿದ್ದರು. ಶ್ರವಣಬೆಳಗೊಳದ ಜೈನಮಠದ ಗೋಡೆಗಳ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರ ದಸರಾ ದರ್ಬಾರು ಮೊದಲಾದ ಚಿತ್ರಗಳನ್ನು ನೀವು ನೋಡಿರಬಹುದು. ನಮ್ಮ ಹುಡುಗಿಯರು ಜಾಲಿಯ ಮರದ ಅಂಟನ್ನು ಆರಿಸಿ ತಂದು ಬಿಸಿನೀರಿನಲ್ಲಿ ಕರಗಿಸಿ ಬೂದಿಯೊಡನೆ ಬೆರೆಸಿದರು. ಬಣ್ಣವು ನಿಂತಿತು.

ಬಂಡೆಯ ಸಂದುಗಳಲ್ಲಿ ಹಳದಿಯ ಹೂಗಳನ್ನು ತೋರಿಸಬೇಕೆಂದು ಒಬ್ಬಳು ಅರಿಸಿನಕ್ಕೆ ಸುಣ್ಣವನ್ನು ಬೆರೆಸಿದಳು. ಅದು ಕ್ಷಣಾರ್ಧದಲ್ಲಿ ಕೆಂಪಾಯಿತು. ಅರಿಸಿನವು ಕ್ಷಾರದೊಡನೆ ಸೇರಿದರೆ ಕೆಂಪಾಗುವುದೆಂಬುದನ್ನು ಆರತಿಯ ತಟ್ಟೆಯಲ್ಲಿ ದಿನವೂ ಕಾಣುತ್ತಿದ್ದರೂ, ರಸಾಯನಶಾಸ್ತ್ರದ ಪುಸ್ತಕದಲ್ಲಿ ಓದಿದ್ದರೂ, ಎರಡೂ ಒಂದೇ ಎಂಬುದು ಅವಳಿಗೆ ಅಂದು ತಿಳಿಯಿತು. ನಮ್ಮ ಬಂಡೆಯಲ್ಲಿ ಕೆಂಪು ಹೂಗಳು ಅರಳಿದುವು.

ಮುಗಿಸುವುದು

ಚಿಕ್ಕಬೆಟ್ಟದ ಮೇಲೆ ಭರತೇಶ್ವರನದೆಂದು ಹೇಳುವ ಸುಮಾರು 9 ಅಡಿಯ ಒಂದು ಮೂರ್ತಿಯಿದೆ. ಅದು ಮೊಣಕಾಲಿನಿಂದ ಮೇಲಕ್ಕೆ ಮಾತ್ರ ರೂಪುಗೊಂಡು ಅಪೂರ್ಣವಾಗಿ ನಿಂತಿದೆ. ಎದುರಿನ ದೊಡ್ಡಬೆಟ್ಟದಲ್ಲಿ ಅದರ ಆರು ಪಾಲು ಎತ್ತರವಾದ ತಮ್ಮನ ಮೂರ್ತಿಯು ಪೂರ್ಣವಾಗಿದೆ. ಈ ಎರಡನ್ನೂ ಒಂದೇ ದಿನ ನೋಡಿ ಬಂದವರಿಗೆ ಒಂದು ಸಂಗತಿಯು ತಿಳಿಯಬೇಕು. ಕೆಲಸವು ಚಿಕ್ಕದಾದ ಮಾತ್ರಕ್ಕೆ ಮುಗಿಯುವುದಿಲ್ಲ. ದೊಡ್ಡದಾದ ಮಾತ್ರಕ್ಕೆ ನಿಲ್ಲುವುದೂ ಇಲ್ಲ. ದೊಡ್ಡಬೆಟ್ಟದಲ್ಲಿ ಮುಗಿದುದನ್ನು ಕಂಡವರು ಅಂಥ ಕೆಲಸವನ್ನು ಮತ್ತೆ ಕೈಕೊಂಡರು. ಕಾರ್ಕಳದಲ್ಲಿ 1432ರಲ್ಲಿ ಸುಮಾರು 42 ಅಡಿಯ ಗೊಮ್ಮಟನೂ, ವೇಣೂರಿನಲ್ಲಿ 1604ರಲ್ಲಿ ಸುಮಾರು 35 ಅಡಿಯ ಗೊಮ್ಮಟನೂ ಎದ್ದುನಿಂತರು. ನಮ್ಮ ಕಾಲಕ್ಕೆ ಸಮೀಪದಲ್ಲಿ ರೆಂಜಾಳ ಗೋಪಾಲ ಶೆಣೈಯವರು 39 ಅಡಿಯ ಮೂರ್ತಿಯನ್ನು ಕೆತ್ತಿದರು. ಅದನ್ನು 1973ರಲ್ಲಿ ಧರ್ಮಸ್ಥಳಕ್ಕೆ ಸಾಗಿಸಲಾಯಿತು.

ಬೆಳಗೊಳದಲ್ಲಿ ಮುಗಿಸುವುದನ್ನು ಕುರಿತು ಇನ್ನೊಂದು ಕಥೆಯುಂಟು. ಚಾವುಂಡರಾಯನು ಮೂರ್ತಿಗೆ ಅಭಿಷೇಕ ಮಾಡಿಸುವಾಗ ಎಷ್ಟು ಕೊಡ ಹಾಲನ್ನು ಸುರಿದರೂ ಅದು ಪಾದದವರೆಗೆ ಇಳಿಯಲಿಲ್ಲವಂತೆ. ಕೊನೆಗೆ ಒಬ್ಬ ಮುದುಕಿಯು ಗುಳ್ಳಕಾಯಿಯ ಚಿಪ್ಪಿನಲ್ಲಿ ತಂದಿದ್ದ ಸ್ವಲ್ಪ ಹಾಲು ಮೂರ್ತಿಯನ್ನೆಲ್ಲ ತೋಯಿಸಿ ಬೆಟ್ಟದ ಕೆಳಗೂ ಹರಿಯಿತಂತೆ. ಗುಳ್ಳಕಾಯಿಯೆಂಬುದು ಬದನೆಯ ಜಾತಿಯ ಒಂದು ಕಾಯಿ. ಯಾವ ಭಂಡಾರದಲ್ಲಿಯೂ ಎಣಿಕೆಗೆ ಬಾರದ ಪಾತ್ರೆಯು. ಗುಳ್ಳಕಾಯಜ್ಜಿಯ ಶಿಲಾಮೂರ್ತಿಯು ಇಂದಿಗೂ ಪ್ರಾಕಾರದ ಹೊರಗೆ ಗೊಮ್ಮಟನ ಇದಿರಾಗಿ ಕೈಯಲ್ಲಿ ಆ ಕಾಯಿಯನ್ನು ಹಿಡಿದು ನಿಂತಿದೆ. ಇದು ಐತಿಹ್ಯವೇ ಹೊರತು ಚರಿತ್ರೆಯಲ್ಲ. ಆದರೆ ಬೆಳಗೊಳದ ಜನರು ಮಂತ್ರಿಯ ಹೆಸರಿನೊಡನೆ ಆ ಅಜ್ಜಿಯ ನೆನಪನ್ನೂ ಅಳಿಸದೆ ಉಳಿಸಿಕೊಂಡುದು ನಿಜವಾದ ಸಂಗತಿಯು.

ವಾರ್ಷಿಕೋತ್ಸವದ ಹಿಂದಿನ ದಿನ ಒರಳಿನ ತಳದಲ್ಲಿ ಒಂದು ಹಿಡಿ ಮುದ್ದೆಯು ಉಳಿದಿದ್ದಿತು. ಅದನ್ನು ಏನು ಮಾಡಬೇಕೆಂದು ಯಾರೂ ಹೇಳಲಿಲ್ಲ. ಮೊರವನ್ನು ತಂದ ಬಾಲಿಕೆಯು ಅದರಿಂದ ಎರಡೂವರೆ ಅಂಗುಲದ ಒಂದು ಮುದುಕಿಯ ಬೊಂಬೆಯನ್ನು ಮಾಡಿ ಒಲೆಯ ಬಳಿ ಒಣಗಿಸಿದಳು. ಅಡಿಗೆ ಅರ್ಧ ಅಂಗುಲದಂತೆ ಐದು ಅಡಿಯ ಹೆಂಗಸಿಗೆ ಅದು ಸರಿಯಾದ ಅಳತೆಯು. ಕೈಯಲ್ಲಿಡಲು ಮೆಂತ್ಯದ ಒಂದು ಕಾಳು ಸಾಕಾಯಿತು.

ಬಾಲಿಕೆಯರೇ, ಈ ಕೆಲಸದಿಂದ ದೊರೆತ ಸೂತ್ರಗಳನ್ನು ಕೆಳಗೆ ಸಂಗ್ರಹಿಸಿದೆ.

1. ಮೊದಲು ಅಳೆಯಿರಿ, ಏನನ್ನು ಬಿಡಬೇಕೆಂಬುದನ್ನು ಅಳತೆಯೇ ತಿಳಿಸುವುದು.

2. ವಸ್ತುವಿನ ಬೆಲೆಯನ್ನು ಕೇಳುವುದಕ್ಕೆ ಮುಂಚೆ ಅದರ ಸ್ವಭಾವವನ್ನು ಕೇಳಿರಿ. ಅದರಿಂದಾಗದ ರೂಪವನ್ನು ಅದರಿಂದ ಬಯಸಬೇಡಿರಿ.

3. ಅಲಂಕಾರಕ್ಕೆ ಮೊದಲು ಆಸರೆಯನ್ನು ಕಟ್ಟಿರಿ. ಎದುರಿನಿಂದ ಕಾಣದುದನ್ನು ಹಿಂದಿನಿಂದ ನೋಡಿರಿ.

4. ತೆಳ್ಳಗೆ ಹಚ್ಚಿರಿ, ಒಣಗಲು ಬಿಡಿರಿ. ಕೆಟ್ಟುಹೋದ ಭಾಗವನ್ನು ಪೂರ್ತಿಯಾಗಿ ತೆಗೆದು ಹೊಸದಾಗಿ ಮಾಡಿರಿ.

5. ನಿಮ್ಮ ಮನೆಯ ಹಿರಿಯರು ದಿನವೂ ಮಾಡುವ ಕೆಲಸಗಳನ್ನು ವಿದ್ಯೆಯೆಂದು ತಿಳಿದು ಅದರ ಕಾರಣವನ್ನು ವಿಚಾರಿಸಿರಿ. ಹಾಗೆ ವಿಚಾರಿಸಿ ತಿಳಿದವಳು ಮಾತನಾಡುವಾಗ ನಗದೆ ಕೇಳಿರಿ.

ಈ ಐದನ್ನು ನಡಸಿಕೊಂಡು ಬಂದರೆ ನಮ್ಮ ಕೈಕೆಲಸದ ಬೀರುವಿನಲ್ಲಿ ಅರ್ಧಕ್ಕೆ ನಿಂತ ಕೆಲಸಗಳು ಬರಬರುತ್ತ ಕಡಮೆಯಾಗುವುವು. ಆ ಮೊರವು ತನ್ನ ಮನೆಗೆ ಹಿಂದಿರುಗಿ ಈಗಲೂ ರಾಗಿಯನ್ನು ಕೇರುತ್ತಿದೆ.